ಕಟ್ಟೆ ತುಂಬಿದೆ ಸರಿ, ಹೊಳೆ ಹೆಂಗಿದೆ?

ಮುಂಗಾರು ಶುರುವಾಯ್ತು ಅಂದ್ರೆ ನಮ್ಮ ಮಂಡ್ಯ ಕಡೆ ವಾಟ್ಸಾಪ್ ಗ್ರೂಪುಗಳಲ್ಲಿ ಬೆಳಗ್ಗೆ ಬೆಳಗ್ಗೆ ಬರೋ ಮೊದಲನೇ ಮೆಸೇಜೇ ಕನ್ನಂಬಾಡಿ ಕಟ್ಟೆದು, ಅಂದ್ರೆ ಕಾವೇರಿಗೆ ಕಟ್ಟಿರೋ ಕೆಆರ್‌ಎಸ್ ಅಣೆಕಟ್ಟೆದು. ಗರಿಷ್ಠ ಮಟ್ಟ 124.80 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಟೀ ಅಂಗಡೀಲಿ ಪರಿಚಯ ಇಲ್ದೋರೂ "ಎಷ್ಟಾಯ್ತಂತೆ?" ಅಂತ ಕೇಳ್ತಾರೆ, ಏನು ಎಷ್ಟಾಯ್ತು ಅಂತ ಯಾರೂ ವಾಪಸ್ ಕೇಳಲ್ಲ.

2023ರಲ್ಲಿ ಮಳೆ ಕೈಕೊಟ್ಟು ಸೆಪ್ಟೆಂಬರ್ ಹೊತ್ತಿಗೆ ಕಟ್ಟೆ ನೂರಡಿ ಆಸುಪಾಸಿಗೆ ಇಳಿದಿತ್ತು, ತಮಿಳುನಾಡಿಗೆ ನೀರು ಬಿಡಬೇಕು ಅನ್ನೋ ಆದೇಶ ಬಂತು, ಮಂಡ್ಯ ಬಂದ್ ಆಯ್ತು. 2024ರ ಜುಲೈನಲ್ಲಿ ತುಂಬ್ತು. 2025ರಲ್ಲಂತೂ ಜೂನ್ ಮುಗಿಯೋದ್ರೊಳಗೇ ತುಂಬಿ ಬಾಗಿನಾನೂ ಕೊಟ್ಟಾಯ್ತು, 1941ರ ನಂತರ ಜೂನ್‌ನಲ್ಲೇ ತುಂಬಿದ್ದು ಅದೇ ಮೊದಲು. ಅದಾದ್ಮೇಲೆ ಪಿಯುಸಿ ಓದ್ತಿರೋ ನಮ್ಮಕ್ಕನ ಮಗ ಒಂದಿನ ಕೇಳಿದ: "ಮಾವ, ಕಟ್ಟೆ ಹಿಂಗೆ ತುಂಬ್ತಾ ಇದ್ಯಲ್ಲ, ಮತ್ತೆ ಕಾವೇರಿ ಅಪಾಯದಲ್ಲಿದೆ ಅಂತ ಯಾಕೆ ಎಲ್ಲ ಬಡ್ಕೋತಾರೆ?"

ಒಳ್ಳೆ ಪ್ರಶ್ನೆ ಅದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ.

ಮೊದಲು ಆ ಮೆಸೇಜಿನ ಲೆಕ್ಕ

ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಒಂದು ಡಬ್ಬ ಇಟ್ಕೊಳ್ಳಿ. ಅದು ಒಂದು ಘನ ಅಡಿ. ಅದರಲ್ಲಿ 28 ಲೀಟರ್ ಚಿಲ್ಲರೆ ನೀರು ಹಿಡಿಯುತ್ತೆ, ಹೆಚ್ಚುಕಮ್ಮಿ ಎರಡು ಕೊಡ. ಒಂದು ಸೆಕೆಂಡಿಗೆ ಅಂಥ ಒಂದು ಡಬ್ಬ ನೀರು ಹರಿದ್ರೆ ಅದು ಒಂದು ಕ್ಯೂಸೆಕ್. ಒಳಹರಿವು 10,000 ಕ್ಯೂಸೆಕ್ ಅಂದ್ರೆ ಕಣ್ಣು ಮಿಟುಕಿಸೋದ್ರೊಳಗೆ 20,000 ಕೊಡ ಒಳಗೆ ಬಿತ್ತು ಅಂತ.

ಕ್ಯೂಸೆಕ್ ಹರಿಯೋ ವೇಗದ ಅಳತೆ, ಟಿಎಂಸಿ ನಿಂತಿರೋ ನೀರಿನ ಅಳತೆ. ಒಂದು ಟಿಎಂಸಿ ಅಂದ್ರೆ ಅಂಥ 100 ಕೋಟಿ ಡಬ್ಬ, ಲೀಟರಲ್ಲಿ ಹೇಳೋದಾದ್ರೆ 2,830 ಕೋಟಿ ಲೀಟರ್. ದಿನಪೂರ್ತಿ ಒಂದೇ ಸಮ ಹತ್ರತ್ರ 11,600 ಕ್ಯೂಸೆಕ್ ಹರಿದ್ರೆ ಒಂದು ಟಿಎಂಸಿ ಆಗುತ್ತೆ. ಇದೊಂದು ನೆನಪಿಟ್ಕೊಂಡ್ರೆ ಸಾಕು, ಒಳಹರಿವು ನೋಡಿದ ತಕ್ಷಣ ದಿನಕ್ಕೆ ಎಷ್ಟು ಸೇರ್ತಿದೆ ಅಂತ ನೀವೇ ಹೇಳ್ಬೋದು.

ಕಟ್ಟೆ ಪೂರ್ತಿ ತುಂಬಿದಾಗ 49.45 ಟಿಎಂಸಿ. ಹಾಗಾದ್ರೆ ನೂರಡಿ ಇದ್ದಾಗ ಐದರಲ್ಲಿ ನಾಲ್ಕು ಪಾಲು ನೀರಿರುತ್ತೆ ಅಂತ ತುಂಬಾ ಜನ ಅಂದ್ಕೋತಾರೆ. ಇರಲ್ಲ. ಕಟ್ಟೆ ಡ್ರಮ್ಮಿನ ಥರ ನೇರ ಇಲ್ಲ, ಬಾಂಡ್ಲಿ ಥರ ಇದೆ, ಕೆಳಗೆ ಕಿರಿದು, ಮೇಲೆ ಹೋಗ್ತಾ ಹೋಗ್ತಾ ಅಗಲ. ಹಂಗಾಗಿ ಮೇಲಿನ ಇಪ್ಪತ್ತೈದು ಅಡೀಲೇ ಅರ್ಧಕ್ಕಿಂತ ಜಾಸ್ತಿ ನೀರು ಕೂತಿರುತ್ತೆ. ನೂರಡಿಗೆ ಇಳೀತು ಅಂದ್ರೆ ಉಳಿದಿರೋದು ಅರ್ಧಕ್ಕಿಂತ ಕಮ್ಮಿ. 2023ರಲ್ಲಿ ಮಂಡ್ಯದೋರು ಯಾಕೆ ಅಷ್ಟು ಗಾಬರಿ ಬಿದ್ರು ಅಂತ ಈ ಬಾಂಡ್ಲಿ ಲೆಕ್ಕ ಗೊತ್ತಿದ್ರೆ ಅರ್ಥ ಆಗುತ್ತೆ.

ಇಷ್ಟೆಲ್ಲ ಗೊತ್ತಾದ್ಮೇಲೂ ಒಂದು ಮಾತಿದೆ. ಹಳೇ ಕಾಲದಲ್ಲಿ ನಮ್ಮೂರುಗಳಲ್ಲಿ ರಾಗಿ ತುಂಬಿಡೋ ಹಗೇವು ಇರ್ತಿತ್ತಲ್ಲ, ಹಗೇವು ತುಂಬಿದೆ ಅಂದ್ರೆ ಈ ವರ್ಷದ ಊಟಕ್ಕೆ ಚಿಂತೆ ಇಲ್ಲ ಅಂತ ಅರ್ಥ, ಹೊಲದ ಮಣ್ಣು ಚೆನ್ನಾಗಿದ್ಯೋ ಇಲ್ವೋ ಅನ್ನೋದು ಹಗೇವು ನೋಡಿದ್ರೆ ಗೊತ್ತಾಗಲ್ಲ. ಕಟ್ಟೆ ನಮ್ಮ ಹಗೇವು. ಹೊಲ ಅಂದ್ರೆ ತಲಕಾವೇರಿಯಿಂದ ಸಮುದ್ರದವರೆಗಿನ 800 ಕಿಲೋಮೀಟರ್ ಹೊಳೆ, ಅದಕ್ಕೆ ಸೇರೋ ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ, ಶಿಂಷಾ, ಅರ್ಕಾವತಿ, ನಮ್ಮ ಪುಟ್ಟ ಲೋಕಪಾವನಿ ಎಲ್ಲ.

ಬೇಸಿಗೇಲಿ ಹೊಳೆಗೆ ನೀರು ಎಲ್ಲಿಂದ ಬರುತ್ತೆ?

ಮಳೆಗಾಲದಲ್ಲಿ ಹೊಳೆ ಯಾಕೆ ಹರಿಯುತ್ತೆ ಅಂತ ಯಾರೂ ಕೇಳಲ್ಲ. ಫೆಬ್ರವರಿಲಿ ಕೊಡಗಲ್ಲಿ ಹನಿ ಮಳೆ ಇರಲ್ಲ, ಆದ್ರೂ ಹಳ್ಳಗಳು ಹರೀತಿರ್ತವೆ. ಆ ನೀರು ಯಾವುದು?

ನೆಲದ ಒಳಗಿಂದು. ಜಿಂಕ್ ಶೀಟಿನ ಮೇಲೆ ಒಂದು ಬಕೆಟ್ ನೀರು ಸುರೀರಿ, ಅರ್ಧ ನಿಮಿಷಕ್ಕೆ ಎಲ್ಲ ಜಾರಿ ಹೋಗಿರುತ್ತೆ. ಅದೇ ನೀರಲ್ಲಿ ಗೋಣಿಚೀಲ ಅದ್ದಿ ಹಗ್ಗಕ್ಕೆ ನೇತು ಹಾಕಿ, ಸಂಜೆವರೆಗೂ ತೊಟ್ಟಿಕ್ತಾ ಇರುತ್ತೆ. ಕಾಡು, ಎಲೆಗೊಬ್ಬರ ಸೇರಿದ ಮಣ್ಣು, ಕಣಿವೆ ಗದ್ದೆ, ಜೌಗು, ಇವೆಲ್ಲ ಗೋಣಿಚೀಲದ ಕೆಲಸ ಮಾಡ್ತವೆ. ಮಳೆಗಾಲದಲ್ಲಿ ಹೀರ್ಕೊಂಡು ಬೇಸಿಗೇಲಿ ನಿಧಾನಕ್ಕೆ ಬಿಡ್ತವೆ. ಕೊಡಗಲ್ಲಿ ಕಾಡು ತೆಗೆದು ಲೇಔಟ್, ರೆಸಾರ್ಟ್, ಅಗಲ ರಸ್ತೆ ಆದಷ್ಟೂ, ಭತ್ತದ ಗದ್ದೆಗಳು ಪಾಳು ಬಿದ್ದು ಇಲ್ಲ ಮಣ್ಣು ತುಂಬಿಸ್ಕೊಂಡಷ್ಟೂ, ಗೋಣಿಚೀಲದ ಜಾಗಕ್ಕೆ ಜಿಂಕ್ ಶೀಟ್ ಬಂದಂಗೆ. ಅಷ್ಟೇ ಮಳೆ ಬಿದ್ರೂ ನೀರು ಒಂದೇ ಸಲಕ್ಕೆ ನುಗ್ಗಿ ಬಂದು ಕಟ್ಟೆ ಬೇಗ ತುಂಬುತ್ತೆ, ಜನವರಿಯಿಂದಾಚೆ ಒಳಹರಿವು ಬತ್ತುತ್ತೆ. ಅಂದ್ರೆ ಕಟ್ಟೆ ಬೇಗ ತುಂಬೋದು ಯಾವಾಗ್ಲೂ ಒಳ್ಳೆ ಸುದ್ದಿನೇ ಆಗಿರಬೇಕಿಲ್ಲ. 2025ರಲ್ಲಿ ಮಳೆ ಬೇಗ ಶುರುವಾಗಿ ಚೆನ್ನಾಗೂ ಬಂತು ಅನ್ನೋದು ಬೇರೆ ಮಾತು.

ಮರಳೂ ಒಂದು ಗೋಣಿಚೀಲನೇ. ಹೊಳೆ ತಳದಲ್ಲಿರೋ ಮರಳಿನ ಸಂದು ಸಂದಲ್ಲೂ ನೀರು ನಿಂತಿರುತ್ತೆ, ದಡದ ಬಾವಿಗಳಿಗೆ ಅದೇ ಆಧಾರ, ಜೊತೆಗೆ ಅದೇ ಸೋಸುತ್ತೆ. ಮರಳು ಬಗೆದು ಬಗೆದು ತಳ ಇಳಿದ್ರೆ ದಡದ ಬಾವಿ ನೀರೂ ಜೊತೇಲೇ ಇಳಿಯುತ್ತೆ. ಕಾವೇರಿ, ಕಬಿನಿ, ಶಿಂಷಾ ಮೂರರಲ್ಲೂ ವರ್ಷಾನುಗಟ್ಟಲೆ ಮರಳು ಎತ್ತಿದ್ದಾರೆ. ನಮ್ಮನೆ ಕಟ್ಟಿದ್ದೂ ಹೊಳೆ ಮರಳಲ್ಲೇ, ಆಗ ಕಲ್ಲು ಪುಡಿ ಮಾಡಿ ತಯಾರಿಸೋ ಎಂ-ಸ್ಯಾಂಡ್ ಅನ್ನೋ ಹೆಸರೇ ಕೇಳಿರಲಿಲ್ಲ.

ಕಟ್ಟೆ ಕಟ್ಟಿದ್ರೆ ಹೊಳೆಗೆ ಏನಾಗುತ್ತೆ?

ಕನ್ನಂಬಾಡಿ ಇಲ್ದೆ ಮಂಡ್ಯ ಇಲ್ಲ. ಇದನ್ನ ಮೊದಲು ಹೇಳ್ಬಿಡ್ತೀನಿ. 1911ರಲ್ಲಿ ಕೆಲಸ ಶುರುವಾದಾಗ ಉದ್ದೇಶ ಎರಡಿತ್ತು: ಒಂದು ಹೊಲಗಳಿಗೆ ನೀರು, ಇನ್ನೊಂದು 1902ರಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಡ್ತಿದ್ದ ಶಿವನಸಮುದ್ರಕ್ಕೆ ವರ್ಷಪೂರ್ತಿ ಒಂದೇ ಸಮ ನೀರು. ಆಮೇಲೆ ವಿಶ್ವೇಶ್ವರಯ್ಯ ನಾಲೆ ಬಂತು, ಹುಲಿಕೆರೆ ಸುರಂಗ ದಾಟಿ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೋಯ್ತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಯ್ತು. ನಮ್ಮ ತಾತಂದಿರು ರಾಗಿ ಹೊಲದಿಂದ ಭತ್ತದ ಗದ್ದೆಗೆ ಬಂದಿದ್ದು ಈ ನೀರಿಂದಲೇ.

ಅದಕ್ಕೂ ಮುಂಚೆ ಹೊಳೇಗೆ ಅಡ್ಡ ಕಟ್ಟು ಇರಲಿಲ್ವಾ ಅಂದ್ರೆ, ಇತ್ತು. ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳ ಒಡ್ಡುಗಳು ಎಷ್ಟೋ ಹಳೇವು. ಆದ್ರೆ ಅವು ಗಿಡ್ಡ ಕಲ್ಲೊಡ್ಡು, ನೀರನ್ನ ಸ್ವಲ್ಪ ಪಕ್ಕಕ್ಕೆ ತಿರುಗಿಸ್ತಿದ್ವು, ಉಳಿದಿದ್ದು ಒಡ್ಡಿನ ಮೇಲೆ ಹಾರಿ ಮುಂದಕ್ಕೆ ಹೋಗ್ತಿತ್ತು, ಮೀನೂ ಹೋಗ್ತಿತ್ತು, ಮರಳೂ ಹೋಗ್ತಿತ್ತು. ದೊಡ್ಡ ಅಣೆಕಟ್ಟು ಮೂರನ್ನೂ ನಿಲ್ಲಿಸುತ್ತೆ. ಈಗ ನಮ್ಮ ಕಡೆ ಕೆಆರ್‌ಎಸ್, ಹೇಮಾವತಿ, ಕಬಿನಿ, ಹಾರಂಗಿ ನಾಲ್ಕೂ ಸೇರಿ 114 ಟಿಎಂಸಿ ಮೇಲೆ ಹಿಡಿದಿಡ್ತವೆ, ಕೆಳಗೆ ಮೆಟ್ಟೂರು ಒಂದೇ 93 ಟಿಎಂಸಿ ಹಿಡಿಯುತ್ತೆ.

ಹೊಳೆಗೆ ಒಂದು ಕಾಲಮಾನ ಅಂತ ಇರುತ್ತೆ. ಆಷಾಢದಲ್ಲಿ ಉಕ್ಕೋದು, ಮಾಗಿಲಿ ಇಳಿಯೋದು. ಮೀನು ಮೊಟ್ಟೆ ಇಡೋದು, ಹಕ್ಕಿ ಗೂಡು ಕಟ್ಟೋದು ಎಲ್ಲ ಅದಕ್ಕೆ ಹೊಂದ್ಕೊಂಡಿದೆ. ಗೇಟ್ ತೆಗೆದು ಮುಚ್ಚೋದು ನಮ್ಮ ಕೈಗೆ ಬಂದ್ಮೇಲೆ ಹೊಳೆ ನಮ್ಮ ಬೆಳೆ ಟೈಮಿಗೆ ಹರಿಯುತ್ತೆ. ಗೂನು ಬೆನ್ನಿನ ಮಹಶೀರ್ ಅಂತ ಒಂದು ಮೀನಿದೆ, 50 ಕೆಜಿ ದಾಟಿ ಬೆಳೆಯೋ ಮೀನು, ಇಡೀ ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರೋದು. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2018ರಲ್ಲಿ, ಅಷ್ಟೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು.

ಇದರಲ್ಲಿ ಎಲ್ಲಾನೂ ಕಪ್ಪು ಬಿಳುಪಾಗಿಲ್ಲ. ರಂಗನತಿಟ್ಟಿನ ನಡುಗಡ್ಡೆಗಳು ಉಳಿದು ಹಕ್ಕಿಗಳಿಗೆ ಮನೆಯಾಗಿದ್ದು ಹಳೇ ಒಡ್ಡಿನಿಂದಲೇ. 1940ರಲ್ಲಿ ಅದು ಪಕ್ಷಿಧಾಮ ಆಯ್ತು, 2022ರಲ್ಲಿ ಪ್ರಪಂಚದ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರ್ತು. ಅದೇ ಜಾಗದಲ್ಲಿ ಈಗ ಮೇಲಿಂದ ಒಂದೇ ಸಲಕ್ಕೆ ಹತ್ತಾರು ಸಾವಿರ ಕ್ಯೂಸೆಕ್ ಬಿಟ್ಟಾಗ ನಡುಗಡ್ಡೆ ಮುಳುಗಿ ಗೂಡುಗಳು ಕೊಚ್ಚಿ ಹೋಗ್ತವೆ.

ಮರಳಿನ ಕಥೆ ಬೇಕಂದ್ರೆ ತಲಕಾಡಿಗೆ ಹೋಗಿ. ಮಾಲಂಗಿ ಮಡುವಾಗಿ ತಲಕಾಡು ಮರಳಾಗಿದ್ದಕ್ಕೆ ಅಲಮೇಲಮ್ಮನ ಶಾಪ ಕಾರಣ ಅಂತ ನಾವೆಲ್ಲ ಕೇಳ್ಕೊಂಡೇ ಬೆಳೆದೋರು. ಸಂಶೋಧಕರು ಇನ್ನೊಂದು ಕಾರಣಾನೂ ಮುಂದಿಡ್ತಾರೆ: 14ನೇ ಶತಮಾನದಲ್ಲಿ ಮೇಲುಗಡೆ ಮಾಧವಮಂತ್ರಿ ಕಟ್ಟೆ ಕಟ್ಟಿದ್ಮೇಲೆ ಹೊಳೆ ತಿರುವಲ್ಲಿ ನೀರು ಕಮ್ಮಿಯಾಗಿ ಮರಳ ದಿಬ್ಬ ಬಯಲಾಯ್ತು, ಒಣಗಿದ ಮರಳನ್ನ ಗಾಳಿ ಊರೊಳಗೆ ತಂದು ಸುರೀತು ಅಂತ. ಶಾಪದ ಕಥೆ ಒಳಗೇ ಹೊಳೆಯ ನೆನಪೂ ಇರಬೋದು ಅಂತ ನಂಗನ್ಸುತ್ತೆ.

ನೀರೆಲ್ಲ ಹೋಗೋದೆಲ್ಲಿಗೆ?

ಇಲ್ಲಿ ನಾವು ನಮ್ಮನ್ನೇ ನೋಡ್ಕೋಬೇಕು, ಯಾಕಂದ್ರೆ ಕಾವೇರಿ ನೀರಿನ ದೊಡ್ಡ ಪಾಲು ಹೋಗೋದು ವ್ಯವಸಾಯಕ್ಕೆ, ನಮ್ಮಲ್ಲೂ ತಮಿಳುನಾಡಲ್ಲೂ.

ಭತ್ತ ನಾಟಿಯಿಂದ ಕೊಯ್ಲುವರೆಗೆ ಒಟ್ಟು ಸುಮಾರು ನಾಲ್ಕಡಿ ಎತ್ತರದ ನೀರು ಕೇಳುತ್ತೆ, ಅಂದ್ರೆ ಅಷ್ಟೂ ದಿನ ಕೊಟ್ಟಿದ್ದೆಲ್ಲ ಒಟ್ಟಿಗೆ ನಿಲ್ಲಿಸಿದ್ರೆ ಆಗೋ ಎತ್ತರ. ಒಂದು ಎಕರೆಗೆ ಅದು 49 ಲಕ್ಷ ಲೀಟರ್ ಹತ್ರ. ಊರಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಾಕ್ತಾರೆ, ಆ ಲೆಕ್ಕದಲ್ಲಿ ಒಂದು ಎಕರೆ ಭತ್ತದ ಒಂದು ಬೆಳೆಯ ನೀರು ಒಬ್ಬ ಮನುಷ್ಯನಿಗೆ ನೂರು ವರ್ಷಕ್ಕೆ ಆಗುತ್ತೆ. ಕಬ್ಬು ವರ್ಷದ ಬೆಳೆ, ಅದಕ್ಕೆ ಆರೂವರೆ ಅಡಿ ಆಸುಪಾಸು ಬೇಕು. ರಾಗಿಗೆ ಒಂದೂವರೆ ಅಡಿ ಸಾಕು, ಅದರಲ್ಲೂ ಮುಕ್ಕಾಲು ಪಾಲು ಮಳೇಲೇ ಆಗೋಗುತ್ತೆ.

ಇದನ್ನ ಓದಿ ಸಿಟಿಯೋರು "ರೈತರೇ ನೀರು ಹಾಳ್ಮಾಡ್ತಿದಾರೆ" ಅನ್ನೋದು ಬೇಡ. ಒಂದು, ಗದ್ದೆಗೆ ಬಿಟ್ಟಿದ್ದೆಲ್ಲ ಗದ್ದೇಲೇ ಉಳಿಯಲ್ಲ, ಬಸಿದು ಕೆಳಗಿನ ಹಳ್ಳಕ್ಕೋ ಕೆರೆಗೋ ಬಾವಿಗೋ ಸೇರುತ್ತೆ, ಮಳೆ ನೀರಿನ ಪಾಲೂ ಇದೆ. ಎರಡು, ಆ ಅಕ್ಕಿ ಸಕ್ಕರೆ ತಿನ್ನೋದು ಎಲ್ಲರೂ. ಮೂರು, ಭತ್ತ ಕಬ್ಬಿಗೆ ಕೊಂಡ್ಕೊಳ್ಳೋರು ಇದಾರೆ, ಕಾರ್ಖಾನೆ ಇದೆ, ಬೇರೆ ಬೆಳೆ ಹಾಕಿದೋನು ಮಾರ್ಕೆಟ್ ಬಾಗಿಲಲ್ಲಿ ಕಾಯ್ಬೇಕು. ಬೆಳೆ ಬದಲಾಯಿಸಿ ಅನ್ನೋದು ಸುಲಭ, ಸಾಲ ತೀರಿಸೋನು ಅವನು.

ಸಮಸ್ಯೆ ಇರೋದು ನೀರು ಹಂಚೋ ರೀತೀಲಿ. ನಾಲೆ ಶುರುವಿನಲ್ಲಿರೋರಿಗೆ ನೀರು ಧಾರಾಳ, ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ತುಂಬಿ ಹರಿಯುತ್ತೆ, ಅತಿಯಾಗಿ ನೀರು ನಿಂತ ಕಡೆ ತಳದ ಉಪ್ಪು ಮೇಲೆ ಬಂದು ಮಣ್ಣು ಚೌಳಾಗುತ್ತೆ. ಕೊನೇ ಭಾಗದೋರು ಅದೇ ನಾಲೆ ಮೇಲೆ ಕೂತು ಕಟ್ಟು ನೀರಿಗೆ ಕಾಯ್ತಾರೆ. ಕಟ್ಟು ಅಂದ್ರೆ ಇಷ್ಟು ದಿನ ನೀರು, ಇಷ್ಟು ದಿನ ಬಂದ್, ಮತ್ತೆ ನೀರು ಅನ್ನೋ ಸರದಿ. ನಮ್ಮದು ಮದ್ದೂರು ಕಡೆ ಕೊನೇ ಭಾಗದ ಜಮೀನು, ಕಟ್ಟೆ ತುಂಬಿದ ವರ್ಷಾನೂ ನಮ್ಮಪ್ಪ ರಾತ್ರಿ ಟಾರ್ಚ್ ಹಿಡ್ಕೊಂಡು ತೂಬಿನ ಹತ್ರ ಕಾದು ಕೂತಿದ್ದನ್ನ ನೋಡಿದೀನಿ. ನೀರು ಬರಲ್ಲ ಅಂತಾದ್ರೆ ಬೋರ್ ಕೊರೆಸ್ತಾರೆ. ಆ ಬೋರು ಎಳೆಯೋದು ಯಾವ ನೀರು? ಬೇಸಿಗೇಲಿ ಹೊಳೆಗೆ ತೊಟ್ಟಿಕ್ಕಬೇಕಾಗಿದ್ದ ಅದೇ ಗೋಣಿಚೀಲದ ನೀರು.

ಸಿಟಿಗೆ ಹೋದ ನೀರು ವಾಪಸ್ ಬರುತ್ತೆ, ಬೇರೆ ಬಣ್ಣದಲ್ಲಿ

ಬೆಂಗಳೂರಿನ ನಲ್ಲಿ ನೀರು ಹೊರಡೋದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಷ್ಟು ಎತ್ತರ ಪಂಪ್ ಮಾಡಿ ಏರಿಸ್ತಾರೆ. 2024ರ ಅಕ್ಟೋಬರಲ್ಲಿ ಐದನೇ ಹಂತ ಶುರುವಾದ್ಮೇಲೆ ಒಟ್ಟು ಸಾಮರ್ಥ್ಯ ದಿನಕ್ಕೆ 220 ಕೋಟಿ ಲೀಟರ್ ಆಸುಪಾಸು. ಅಂದ್ರೆ ಪೂರ್ತಿ ಓಡಿದ್ರೆ ಹದಿಮೂರು ದಿನಕ್ಕೆ ಒಂದು ಟಿಎಂಸಿ.

ಕುಡಿಯೋ ನೀರು ಬೇಡ ಅನ್ನೋಕಾಗಲ್ಲ. ನೋಡ್ಬೇಕಾಗಿರೋದು ಬಳಸಿದ್ಮೇಲೆ ಏನಾಗುತ್ತೆ ಅಂತ. ಮನೆಗೆ ಬಂದ ನೀರಲ್ಲಿ ಹೆಚ್ಚಿನ ಪಾಲು ಚರಂಡಿಗೇ ಹೋಗೋದು. ಬೆಂಗಳೂರಿನ ಪಶ್ಚಿಮದ ಕೊಳಚೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ವಾಪಸ್ ಕಾವೇರಿಗೆ. ಮೈಸೂರಿನ ಉತ್ತರದ ಇಳಿಜಾರು ಕಾವೇರಿ ಕಡೆಗೆ, ದಕ್ಷಿಣದ್ದು ಕಬಿನಿ ಕಡೆಗೆ. ಶುದ್ಧೀಕರಣ ಘಟಕ ಇದಾವೆ, ಆದ್ರೆ ಊರು ಬೆಳೆದ ಸ್ಪೀಡಿಗೆ ಒಳಚರಂಡಿ ಬೆಳೆದಿಲ್ಲ, ಹೊಸ ಬಡಾವಣೆಗಳ ಎಷ್ಟೋ ಕೊಳಚೆ ಘಟಕದ ದಾರಿ ನೋಡದೇ ರಾಜಕಾಲುವೆ ಹಿಡಿಯುತ್ತೆ.

ಒಂದು ಚಮಚ ಉಪ್ಪನ್ನ ಒಂದು ಲೋಟ ನೀರಿಗೆ ಹಾಕಿ, ಬಾಯಿಗೆ ಇಡಕ್ಕಾಗಲ್ಲ. ಹಂಡೆಗೆ ಹಾಕಿ, ಗೊತ್ತೇ ಆಗಲ್ಲ. ಹೊಳೆ ತುಂಬಿ ಹರೀತಿದ್ದಾಗ ಅಷ್ಟೋ ಇಷ್ಟೋ ಕೊಳೆ ತಾಳ್ಕೊಳ್ತಿತ್ತು. ಈಗ ಹಂಡೆ ಲೋಟ ಆಗಿದೆ, ಚಮಚ ಸೌಟಾಗಿದೆ. ಕೊಳೆ ತಿನ್ನೋ ಸೂಕ್ಷ್ಮಜೀವಿಗಳು ನೀರಲ್ಲಿ ಕರಗಿರೋ ಆಮ್ಲಜನಕಾನೂ ಬಳಸ್ಕೊಂಡು ಬಿಡ್ತವೆ, ಮೀನಿಗೆ ಉಸಿರು ಕಟ್ಟುತ್ತೆ. ಗೊಬ್ಬರದ ಅಂಶ ಸೇರಿದ್ರೆ ಅಂತರಗಂಗೆ ಹಬ್ಬುತ್ತೆ, ಮೇಲಿಂದ ಹಸಿರಾಗಿ ಚೆಂದ ಕಾಣುತ್ತೆ, ಕೆಳಗೆ ಬಿಸಿಲೇ ಬೀಳಲ್ಲ.

ಅರ್ಕಾವತಿ: ಕಣ್ಣೆದುರಿಗೇ ಬತ್ತಿದ ಹೊಳೆ

ಹೊಳೆ ಸಾಯೋಕೆ ದೊಡ್ಡ ಅಣೆಕಟ್ಟು, ದೊಡ್ಡ ಕಾರ್ಖಾನೆ ಬೇಕೇ ಬೇಕು ಅಂತಿಲ್ಲ. ಅರ್ಕಾವತಿ ನೋಡಿ. 1894ರಲ್ಲಿ ಹೆಸರಘಟ್ಟದಿಂದ, ಆಮೇಲೆ 1930ರ ದಶಕದಿಂದ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರು ಕೊಟ್ಟ ಹೊಳೆ ಅದು. ನಿಧಾನಕ್ಕೆ ಒಳಹರಿವು ಕಮ್ಮಿಯಾಗ್ತಾ ಹೋಯ್ತು. ಮಳೆ ಕಮ್ಮಿ ಆಗಿದೆ ಅಂತ ಎಲ್ಲ ಅಂದ್ಕೊಂಡ್ರು, ಲೆಕ್ಕ ತೆಗೆದು ನೋಡಿದ ಸಂಶೋಧಕರಿಗೆ ಮಳೇಲಿ ಅಂಥ ದೊಡ್ಡ ಇಳಿಕೆ ಕಾಣಿಸ್ಲಿಲ್ಲ. ಅವರು ಬೊಟ್ಟು ಮಾಡಿದ್ದು ಬೋರ್‌ವೆಲ್ ಮತ್ತೆ ನೀಲಗಿರಿ ತೋಪಿನ ಕಡೆಗೆ. ಯಾರೂ ಹೊಳೆಗೆ ಕೈ ಹಾಕಿಲ್ಲ, ತಂತಮ್ಮ ಜಮೀನಲ್ಲಿ ತಂತಮ್ಮ ಬೋರು ಕೊರೆಸಿದ್ರು ಅಷ್ಟೇ, ಅಂತರ್ಜಲ ಹೊಳೆ ತಳಕ್ಕಿಂತ ಕೆಳಗೆ ಹೋಯ್ತು, ಗೋಣಿಚೀಲ ಒಣಗ್ತು. ಮೇಲೆ ಬಿದ್ದ ಮಳೇನ ಒಣಗಿದ ನೆಲವೇ ಕುಡೀತು.

ನಮ್ಮ ಕಡೆ ಲೋಕಪಾವನಿ, ಶಿಂಷಾ ನೋಡಿದಾಗ ನಂಗೆ ಇದೇ ನೆನಪಾಗಿ ಹೊಟ್ಟೆ ಉರಿಯುತ್ತೆ.

740ರಲ್ಲಿ ಹೊಳೆ ಪಾಲೆಷ್ಟು?

ಕಾವೇರಿ ಜಗಳ ಅಂದ್ರೆ ಕರ್ನಾಟಕ ತಮಿಳುನಾಡು ಅಂತಷ್ಟೇ ನಮ್ಮ ತಲೇಲಿದೆ. 1892, 1924ರ ಒಪ್ಪಂದಗಳಿಂದ ಶುರುವಾಗಿ 2007ರಲ್ಲಿ ನ್ಯಾಯಮಂಡಳಿ ಅಂತಿಮ ತೀರ್ಪು ಬಂತು. ಸಾಧಾರಣ ವರ್ಷದಲ್ಲಿ ಇಡೀ ಕಣಿವೇಲಿ 740 ಟಿಎಂಸಿ ಸಿಗುತ್ತೆ ಅಂತ ಲೆಕ್ಕ ಹಿಡಿದು ಹಂಚಿದ್ರು. 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟ್ ಅದನ್ನ ತಿದ್ದಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಮಾಡ್ತು, ಕೇರಳಕ್ಕೆ 30, ಪುದುಚೇರಿಗೆ 7 ಹಂಗೇ ಉಳೀತು. ಗಡಿಯಲ್ಲಿ ನೀರು ಅಳೆಯೋ ಜಾಗವಾದ ಬಿಳಿಗುಂಡ್ಲುವಿನಲ್ಲಿ ನಾವು ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾಗಿರೋದು 177.25.

ಈಗ ಕೂಡಿ ನೋಡಿ, 726 ಆಗುತ್ತೆ. ಉಳಿದ 14ರಲ್ಲಿ 10 ಪರಿಸರಕ್ಕೆ, 4 ತಡೆಯೋಕಾಗದೇ ಸಮುದ್ರಕ್ಕೆ ಹೋಗೋದು ಅಂತ ಬರೆದಿದ್ದಾರೆ. ಅಂದ್ರೆ ಹೊಳೆ ಹೊಳೆಯಾಗಿ ಉಳಿಯೋಕೆ ಅಂತ ಇಟ್ಟಿರೋದು ನೂರಕ್ಕೆ ಒಂದೂವರೆ ಪಾಲೂ ಇಲ್ಲ. ಆ 10ನ್ನ ಫೆಬ್ರವರಿಯಿಂದ ಮೇ ತನಕ ತಿಂಗಳಿಗೆ ಎರಡೂವರೆ ಟಿಎಂಸಿ ಥರ ಹರಿಸಬೇಕು ಅಂತಿದೆ, ಕ್ಯೂಸೆಕ್ ಲೆಕ್ಕದಲ್ಲಿ ಒಂದು ಸಾವಿರದ ಆಸುಪಾಸು. ಸಮುದ್ರಕ್ಕೆ ಹೋಗೋ ನೀರನ್ನ "ವೇಸ್ಟ್" ಅಂತೀವಿ, ಆದ್ರೆ ಮುಖಜ ಭೂಮೀಲಿ ಆ ನೀರು ಉಪ್ಪುನೀರನ್ನ ಹಿಂದಕ್ಕೆ ತಳ್ಳಿ ಹಿಡಿದಿರುತ್ತೆ, ಜೊತೆಗೆ ತರೋ ಮಣ್ಣು ದಡ ಉಳಿಸುತ್ತೆ. ಅದು ನಿಂತ ಕಡೆ ಬಾವಿ ನೀರು ಉಪ್ಪಾಗುತ್ತೆ.

ಏನು ಮಾಡ್ಬೋದು, ಎಲ್ಲಿ ತೊಡಕಿದೆ?

ಗದ್ದೇಲಿ ಸದಾ ನೀರು ನಿಲ್ಲಿಸದೇ ಒಮ್ಮೆ ಆರಲು ಬಿಟ್ಟು ಮತ್ತೆ ನೀರು ಕೊಡೋ ಕ್ರಮದಲ್ಲಿ ಭತ್ತದ ನೀರು ಚೆನ್ನಾಗೇ ಉಳಿಯುತ್ತೆ, ಇಳುವರಿ ಬೀಳಬೇಕಂತಿಲ್ಲ. ಆದ್ರೆ ಮತ್ತೆ ನೀರು ಬೇಕಾದ ದಿನ ಬಂದೇ ಬರುತ್ತೆ ಅನ್ನೋ ನಂಬಿಕೆ ಇದ್ರೆ ತಾನೇ ರೈತ ಆರಲು ಬಿಡೋದು? ಕಟ್ಟು ನೀರು ಹೇಳಿದ ದಿನಕ್ಕೆ ಬರಲ್ಲ ಅಂದ್ರೆ ಸಿಕ್ಕಾಗ ತುಂಬಿಸ್ಕೊಳ್ಳೋದೇ ಬುದ್ಧಿವಂತಿಕೆ ಅನ್ಸುತ್ತೆ. ಕಬ್ಬಿಗೆ ಡ್ರಿಪ್ ಹಾಕ್ದೋರು ನಮ್ಮೂರಲ್ಲೇ ಇದಾರೆ.

ನಾಲೆಗೆ ಕಾಂಕ್ರೀಟ್ ಹಾಕಿದ್ರೆ ಸೋರಿಕೆ ನಿಂತು ಕೊನೇ ಭಾಗಕ್ಕೆ ನೀರು ಮುಟ್ಟುತ್ತೆ, ಅದು ನಿಜ. ಅದೇ ಸೋರಿಕೆಯಿಂದ ತುಂಬ್ತಿದ್ದ ಪಕ್ಕದ ಬಾವಿಗಳು ಒಣಗ್ತವೆ, ಅದೂ ನಿಜ. ಎರಡನ್ನೂ ಲೆಕ್ಕಕ್ಕೆ ತಗೊಂಡು ಎಲ್ಲಿ ಹಾಕ್ಬೇಕು, ಎಲ್ಲಿ ಬಿಡ್ಬೇಕು ನೋಡ್ಬೇಕು.

ಸಂಗಮದಿಂದ ಕೆಳಗೆ ಕಾವೇರಿಗೆ ಕಟ್ಟಬೇಕು ಅಂತಿರೋ ಮೇಕೆದಾಟು ಅಣೆಕಟ್ಟಿನ ಬಗ್ಗೆ ಕೇಳ್ತಾರೆ. 67 ಟಿಎಂಸಿ ಹಿಡಿಯೋ ಸಮತೋಲನ ಜಲಾಶಯ, 400 ಮೆಗಾವ್ಯಾಟ್ ಕರೆಂಟ್ ಅನ್ನೋದು ಪ್ರಸ್ತಾಪ. ಮಳೆ ವರ್ಷದ ಹೆಚ್ಚುವರಿ ನೀರು ಹಿಡಿದಿಟ್ಟು ಬೆಂಗಳೂರಿಗೆ ಕುಡಿಯೋಕೆ ಕೊಡ್ಬೋದು ಅನ್ನೋದು ಒಂದು ವಾದ. ಸಾವಿರಾರು ಹೆಕ್ಟೇರ್ ಕಾಡು ಮುಳುಗುತ್ತೆ, ಮಹಶೀರ್ ಉಳಿದಿರೋ ಜಾಗನೂ ಅದೇ ಅನ್ನೋದು ಇನ್ನೊಂದು. ಯಾವ ಕಡೆ ನಿಂತ್ರೂ ಒಂದು ಗೊತ್ತಿರ್ಲಿ, ಜಲಾಶಯ ನೀರನ್ನ ಹುಟ್ಟಿಸಲ್ಲ, ಬಂದಿದ್ದನ್ನ ಹಿಡಿದಿಡುತ್ತೆ. ಹೊಸ ನೀರು ಅಂತ ಇರೋದಾದ್ರೆ ಅದು ಶುದ್ಧ ಮಾಡಿದ ಕೊಳಚೇಲಿ, ಸೋರೋ ಪೈಪಲ್ಲಿ, ಛಾವಣಿ ಮೇಲೆ ಬೀಳೋ ಮಳೇಲಿ ಇದೆ.

ಮೊನ್ನೆ ಏಪ್ರಿಲಲ್ಲಿ ನಮ್ಮಕ್ಕನ ಮಗನ್ನ ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋಗಿದ್ದೆ. ಸೇತುವೆ ಮೇಲೆ ನಿಂತು ನೋಡಿದ್ರೆ ಕೆಳಗೆಲ್ಲ ಬಂಡೆ, ಬಂಡೆ ಸಂದಲ್ಲಿ ಹಸಿರು ಪಾಚಿ ಕಟ್ಟಿದ ನೀರು. ಕಟ್ಟೇಲಿ ಮಟ್ಟ ಎಷ್ಟಿದೆ ಅಂತ ಅಲ್ಲೇ ಫೋನ್ ತೆಗೆದು ನೋಡಿದ, ಪರವಾಗಿಲ್ಲ ಅನ್ನೋ ಹಂಗೇ ಇತ್ತು. ಫೋನೊಂದ್ಸಲ ನೋಡಿದ, ಹೊಳೆ ಒಂದ್ಸಲ ನೋಡಿದ. ವಾಪಸ್ ಬರ್ತಾ ಬಸ್ಸಲ್ಲಿ ನಮ್ಮ ಗ್ರೂಪಿಗೆ ಒಂದು ಮೆಸೇಜ್ ಹಾಕ್ದ: "ದಿನಾ ಕಟ್ಟೆ ಮಟ್ಟ ಹಾಕೋರು ಬೇಸಿಗೇಲಿ ಹೊಳೆಗೆ ಎಷ್ಟು ಬಿಡ್ತಿದಾರೆ ಅಂತಾನೂ ಹಾಕಿ ಅಣ್ಣ."